ಹೊಣೆಗೆ ಹೆಗಲು ಕೊಟ್ಟ ಅಧಿಕಾರಿ

ಆಡಳಿತದಲ್ಲಿ ನಾವು ದಿನನಿತ್ಯ ಕಾಣುವ ಒಂದು ವೈಪರೀತ್ಯವಿದೆ. ಅಧಿಕಾರವನ್ನು ವ್ಯಕ್ತಿ ಚಲಾಯಿಸುತ್ತಾನೆ; ತಪ್ಪು ಸಂಭವಿಸಿದಾಗ ಹೊಣೆ ಮಾತ್ರ ‘ವ್ಯವಸ್ಥೆ’ಯ ಪಾಲಾಗುತ್ತದೆ. ವ್ಯವಸ್ಥೆಗೆ ಮುಖವಿಲ್ಲ, ಆದುದರಿಂದ ಅದಕ್ಕೆ ನಾಚಿಕೆಯೂ ಇಲ್ಲ. ಈ ದೃಷ್ಟಿಯಿಂದ ರೈಲ್ವೆ ಅಧಿಕಾರಿ ಇ. ಶ್ರೀಧರನ್ ಅವರ ಸೇವಾಜೀವನ ನಮ್ಮ ಚಿಂತನೆಗೆ ಯೋಗ್ಯವಾಗಿದೆ.

ಇಂದಿನ ಪಾಲಕ್ಕಾಡ್ ಜಿಲ್ಲೆಯಲ್ಲಿ 1932ರಲ್ಲಿ ಜನಿಸಿದ ಅವರು 1954ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಎಂಜಿನಿಯರ್ ಆಗಿ ಸೇರಿದರು. 1964ರ ಡಿಸೆಂಬರಿನ ಚಂಡಮಾರುತ ರಾಮೇಶ್ವರವನ್ನು ಜೋಡಿಸುವ ಪಾಂಬನ್ ಸೇತುವೆಯನ್ನು ಧ್ವಂಸಗೊಳಿಸಿದಾಗ, ಅದರ ದುರಸ್ತಿಗೆ ಇಲಾಖೆ ಆರು ತಿಂಗಳ ಗಡುವು ವಿಧಿಸಿತ್ತು. ಶ್ರೀಧರನ್ ಅವರ ನೇತೃತ್ವದಲ್ಲಿ ಆ ಕಾರ್ಯ 46 ದಿನಗಳಲ್ಲಿ ಮುಗಿಯಿತು. ಮುಂದೆ ಅವರು ಭಾರತ ಸರಕಾರದ ಕಾರ್ಯದರ್ಶಿಗೆ ಸಮಾನವಾದ ರೈಲ್ವೆ ಮಂಡಳಿಯ ಸದಸ್ಯ ಹುದ್ದೆಗೇರಿ, 1990ರಲ್ಲಿ ನಿವೃತ್ತರಾದರು.

ಕರಾವಳಿಯವರಾದ ನಮಗೆ ಅವರ ಪರಿಚಯವಾದುದು ಆ ಬಳಿಕವೇ. ಮಂಗಳೂರಿನವರೇ ಆದ ಜಾರ್ಜ್ ಫೆರ್ನಾಂಡಿಸರು ಆಗ ರೈಲ್ವೆ ಮಂತ್ರಿಗಳು. ಕೊಂಕಣ ರೈಲ್ವೆಗೆಂದು ಸ್ಥಾಪಿತವಾದ ನಿಗಮದ ಚುಕ್ಕಾಣಿಯನ್ನು ಅವರು ಶ್ರೀಧರನ್ ಅವರಿಗೆ ಒಪ್ಪಿಸಿದರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಹಾದಿ. ತೊಂಬತ್ತಕ್ಕೂ ಮಿಕ್ಕಿದ ಸುರಂಗಗಳು. ಕೆಲಸ ಮುಗಿಯಲು ಉಳಿದಿರುವ ದಿನಗಳನ್ನು ಎಣಿಸುವ ಗಡಿಯಾರಗಳನ್ನು ಅವರು ತೂಗುಹಾಕಿಸಿದರು. ದಿನಾಂಕವೆಂಬುದು ಅವರಿಗೆ ಬರಿಯ ಅಂದಾಜಾಗಿರಲಿಲ್ಲ, ಜನರಿಗೆ ಕೊಟ್ಟ ಮಾತಾಗಿತ್ತು.

ಆದರೂ ಐದು ವರ್ಷಗಳ ಮೂಲ ಗುರಿ ಈಡೇರಲಿಲ್ಲವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಗೋವೆಯಲ್ಲಿ ಮಾರ್ಗದ ಕುರಿತು ವಿವಾದವೆದ್ದಿತು. ಮೆದುಮಣ್ಣಿನ ಸುರಂಗಗಳು ಕುಸಿದವು. ಶ್ರಮಿಕರು ಪ್ರಾಣ ತೆತ್ತರು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಮುಂಬಯಿಗೆ ಹೋದ ಮಕ್ಕಳು ಊರಿಗೆ ಮರಳುವ ದಾರಿ ಹತ್ತಿರವಾಯಿತು.

ಆ ವೇಳೆಗಾಗಲೇ ಅವರು ದೆಹಲಿ ಮೆಟ್ರೋದ ಭಾರ ವಹಿಸಿಕೊಂಡಿದ್ದರು. ಅದರ ಮೊದಲ ಹಂತ ಗಡುವಿಗೆ ಮುನ್ನವೇ ಪೂರ್ಣಗೊಂಡು ಕೀರ್ತಿ ತಂದಿತು. ಆದರೆ ನಮ್ಮ ಎಣಿಕೆಯಲ್ಲಿ ಅವರ ಯೋಗ್ಯತೆಯ ನಿಜವಾದ ಅಳತೆಗೋಲು 2009ರ ಜುಲೈ 12. ಅಂದು ಜಮ್ರುದ್‌ಪುರದಲ್ಲಿ ನಿರ್ಮಾಣ ಹಂತದ ಮೇಲ್ಸೇತುವೆ ಕುಸಿದು ಕೆಲಸಗಾರರು ಮಡಿದರು. ಅದೇ ದಿನ ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಸಲ್ಲಿಸಿದರು. ಅದು ಅಂಗೀಕೃತವಾಗಲಿಲ್ಲ, 2011ರ ಕೊನೆಯವರೆಗೂ ಅವರು ಮುಂದುವರಿದರು.

ರಾಜೀನಾಮೆಯಿಂದ ಸತ್ತವರು ಮರಳಿ ಬರುವುದಿಲ್ಲ, ನಿಜ. ಮುಖ್ಯಸ್ಥನ ಕೈಯೇ ತೊಲೆಯನ್ನು ಬೀಳಿಸಿದ್ದಲ್ಲವೆಂಬುದೂ ನಿಜ. ಆದರೆ ಕಾನೂನಿನ ಹೊಣೆ ‘ಯಾರು ಮಾಡಿದರು?’ ಎಂದು ಕೇಳಿದರೆ, ನೈತಿಕ ಹೊಣೆ ‘ಇದು ಯಾರ ಪಾಲನೆಯಲ್ಲಿತ್ತು?’ ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಗೆ ‘ನನ್ನ’ ಎಂದು ಉತ್ತರಿಸುವವನಿದ್ದರೆ ಮಾತ್ರ ಮಡಿದ ಕೂಲಿಯಾಳು ಬರಿಯ ಅಂಕಿಯಾಗದೆ ಮನುಷ್ಯನಾಗಿ ಉಳಿಯುತ್ತಾನೆ.

ನಮ್ಮ ಯುವಜನರು ಸರಕಾರಿ ಸೇವೆಗೆ ಸೇರಲೆಂದು ನಾವು ಆಗಾಗ ಹೇಳುತ್ತೇವೆ. ಹುದ್ದೆಯ ಭದ್ರತೆಯನ್ನಷ್ಟೇ ತೋರಿಸಿ ಕರೆದರೆ ಸಾಲದು. ಸಹಿ ಹಾಕುವ ಕೈಗೆ ಭಾರ ಹೊರುವ ಹೆಗಲೂ ಇರಬೇಕೆಂಬುದನ್ನು ಅವರಿಗೆ ಮೊದಲು ಕಲಿಸೋಣ.