ಬೇಸಗೆಯ ಹಿತ್ತಿಲಿನ ಹಗೆಗಳೂ ನಂಟರೂ

ಫಾಲ್ಗುಣ ಕಳೆದು ಚೈತ್ರ ಕಾಲಿಟ್ಟ ಮೇಲೆ, ಕೆರೆಯಂಗಳ ಬಿರಿದು, ಬೇಲಿಯ ಹಸುರು ಬಾಡಿ, ಹೊಲಗಳೆಲ್ಲ ಬರಿದಾಗುವ ಬಯಲುಸೀಮೆಯಲ್ಲಿ, ಬಾವಿಯ ನೀರನ್ನೋ ಬಚ್ಚಲ ನೀರನ್ನೋ ಆಶ್ರಯಿಸಿ ಬೆಂಡೆ, ಬದನೆ, ಹೀರೆ, ಅಲಸಂದೆಗಳನ್ನು ಬೆಳೆದುಕೊಂಡ ಮನೆಯ ಹಿತ್ತಿಲೊಂದೇ ತಂಪನ್ನು ಉಳಿಸಿಕೊಂಡ ತಾಣವಾಗಿರುವುದರಿಂದ, ಸುತ್ತಲಿನ ಜೀವಕೋಟಿಯೆಲ್ಲ ಅಲ್ಲಿಗೆ ಬಂದು ನೆರೆಯುವುದು ಸ್ವಾಭಾವಿಕವೇ ಆಗಿದೆ. ಎಲೆಯ ರಸವನ್ನು ಹೀರಲು ಬರುವ ಕೀಟವೂ, ಆ ಕೀಟವನ್ನು ಹಿಡಿಯಲು ಹೊಂಚುವ ಓತಿಕೇತವೂ, ಹೂವಿನಿಂದ ಹೂವಿಗೆ ಹಾರುವ ತುಡುವೆ ಜೇನೂ ಒಂದೇ ತೇವದ ಆಕರ್ಷಣೆಗೆ ಒಳಗಾದವು. ಇವುಗಳಲ್ಲಿ ಹಗೆ ಯಾವುದು, ನಂಟ ಯಾವುದು ಎಂಬ ವಿವೇಚನೆಯಿಲ್ಲದೆ ಔಷಧ ಸಿಂಪಡಿಸಲು ಹೊರಡುವ ಗೃಹಸ್ಥನು ತನ್ನ ತೋಟದ ಕಾವಲುಗಾರರನ್ನೇ ಮೊದಲು ಕೊಲ್ಲುತ್ತಾನೆ.

ಬದನೆಯ ಗಿಡದ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಅಲ್ಲಿ ಅರ್ಧಗೋಳಾಕೃತಿಯ, ಕೆಂಬಣ್ಣದ, ಕಪ್ಪು ಚುಕ್ಕೆಗಳ ಎರಡು ಬಗೆಯ ದುಂಬಿಗಳು ಕಂಡುಬರುವುದುಂಟು. ಮೈಮೇಲೆ ಸೂಕ್ಷ್ಮ ರೋಮವಿದ್ದು ಹೊಳಪಿಲ್ಲದ, 28 ಚುಕ್ಕೆಗಳ ದುಂಬಿಯೂ ಅದರ ಮುಳ್ಳುಮೈಯ ಹಳದಿ ಮರಿಯೂ ಎಲೆಯ ಹಸುರನ್ನೆಲ್ಲ ಕೆರೆದು ತಿಂದು, ನರಗಳನ್ನು ಮಾತ್ರ ಜಾಲರಿಯಂತೆ ಉಳಿಸುತ್ತವೆ. ಇದು ನಿಸ್ಸಂದೇಹವಾಗಿ ಹಗೆ. ನುಣುಪಾಗಿ ಥಳಥಳಿಸುವ ಗುಲಗಂಜಿ ಹುಳುವಾದರೋ ಎಲೆಯನ್ನು ಮುಟ್ಟದೆ ಸಸ್ಯಹೇನುಗಳನ್ನೇ ಭಕ್ಷಿಸಿ ಜೀವಿಸತಕ್ಕದ್ದು. ಇದರ ಮರಿಗೆ ತಾಯಿಯ ಚೆಲುವು ಲೇಶಮಾತ್ರವೂ ಇರದೆ, ಉದ್ದನೆಯ ಕಪ್ಪು ದೇಹವೂ ಆರು ಚುರುಕುಗಾಲುಗಳೂ ಇರುವುದರಿಂದ, ಅದನ್ನು ಪೀಡೆಯೆಂದೇ ಭಾವಿಸಿ ಹೊಸಕಿಹಾಕುವವರು ಬಹಳ. ಹೇನನ್ನು ಅತ್ಯಂತ ಲೋಲುಪತೆಯಿಂದ ತಿನ್ನುವುದು ಆ ಮರಿಯೇ ಎಂಬುದನ್ನು ತಿಳಿದಾಗ ನನಗಂತೂ ಬಹಳ ಸಂಕಟವಾಗುತ್ತದೆ. 1898ರಲ್ಲಿ ನಮ್ಮ ದೇಶಕ್ಕೆ ತರಲಾದ ಆಸ್ಟ್ರೇಲಿಯ ಮೂಲದ ಇನ್ನೊಂದು ಗುಲಗಂಜಿ ಹುಳುವಿನ ಗತಿ ಇನ್ನೂ ಶೋಚನೀಯವಾದದ್ದು: ಅದು ಹಿಟ್ಟು ತಿಗಣೆಯ ಪರಮವೈರಿ, ಆದರೆ ಅದರ ಮರಿಯೂ ತಿಗಣೆಯ ಹಾಗೆಯೇ ಬಿಳಿಯ ಮೇಣದ ಎಳೆಗಳನ್ನು ಹೊದ್ದಿರುವುದರಿಂದ, ತಿಗಣೆಗೆ ಬೀಳಬೇಕಾದ ಪೆಟ್ಟು ಅದಕ್ಕೂ ಬೀಳುತ್ತದೆ. ಇವೆರಡರ ಭೇದವನ್ನು ಹೀಗೆ ತಿಳಿಯಬಹುದು: ತಿಗಣೆ ಗುಂಪುಗೂಡಿ ಜಡವಾಗಿ ಅಂಟಿಕೊಂಡಿರುವುದು. ಮರಿ ದೊಡ್ಡದಾಗಿ, ತಿಗಣೆಗಳ ನಡುವೆ ಚಲಿಸುತ್ತಿರುವುದು.

ಅಲಸಂದೆಯ ಎಳೆಕಾಯಿಗೆ ಕರಿಹೇನು ಮುತ್ತಿದಾಗ ಇರುವೆಗಳ ಸಾಲನ್ನೂ ಗಮನಿಸಬೇಕು. ಹೇನು ಸ್ರವಿಸುವ ಸಿಹಿ ಅಂಟನ್ನು ಇರುವೆ ಸೇವಿಸಿ, ಪ್ರತಿಯಾಗಿ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಆದಕಾರಣ ಇರುವೆಯ ದಾರಿಯನ್ನು ತಡೆದರೆ ಹೇನಿನ ಬಾಧೆ ಅರ್ಧ ಕಳೆದಂತೆಯೇ. ಅಷ್ಟರಿಂದಲೂ ಸಾಲದಿದ್ದರೆ ಬೇವಿನ ಬೀಜದ ತಿರುಳನ್ನು ಲೀಟರಿಗೆ 50 ಗ್ರಾಂ ಪ್ರಮಾಣದಲ್ಲಿ ಕುಟ್ಟಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಬಹುದು. ಜೇನು ಗೂಡಿಗೆ ಮರಳಿದ ಸಾಯಂಕಾಲವೇ ಇದಕ್ಕೆ ಯೋಗ್ಯ. ಆದರೆ ಹೀರೆಯೂ ಸೋರೆಯೂ ಸಂಜೆಯಲ್ಲೇ ಅರಳಿ ಪತಂಗಗಳನ್ನು ಕರೆಯುವುದರಿಂದ, ಅವುಗಳ ಹೂವಿಗೆ ಸಿಡಿಯದಂತೆ ಎಚ್ಚರ ವಹಿಸತಕ್ಕದ್ದು.

ಕೆಂಪು ನುಸಿ ಒಣಬಿಸಿಲಿನಲ್ಲಿ ವರ್ಧಿಸುವ ಜಾತಿ. ತೀಕ್ಷ್ಣವಾದ ಕೀಟನಾಶಕದಿಂದ ಅದರ ಭಕ್ಷಕರು ಸತ್ತು ಅದೇ ಹೆಚ್ಚುವುದೂ ಉಂಟು. ಬೆಂಡೆಯ ಎಲೆ ಹಳದಿಗಟ್ಟುವ ನಂಜನ್ನು ಬಿಳಿನೊಣ ಹರಡುತ್ತದೆ. ಹತ್ತಿದ ಗಿಡಕ್ಕೆ ಮದ್ದಿಲ್ಲ, ಕಿತ್ತುಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ತಳಿಗೆ ಈ ನಂಜನ್ನು ತಾಳಿಕೊಳ್ಳುವ ಗುಣವಿದೆ. ಹಾಗಲ, ಹೀರೆಗಳ ಎಳೆಕಾಯಿಯ ಸಿಪ್ಪೆಯೊಳಗೆ ಮೊಟ್ಟೆಯಿಡುವ ಹಣ್ಣುನೊಣಕ್ಕೆ ಔಷಧಕ್ಕಿಂತ ಶ್ರಮವೇ ಮೇಲು: ಪಿಂದೆಗೆ ಕಾಗದ ಸುತ್ತುವುದು, ಕೊಳೆತ ಕಾಯನ್ನು ಗೊಬ್ಬರದ ಗುಂಡಿಗೆ ಎಸೆಯದೆ ಆಳವಾಗಿ ಹೂಳುವುದು, ಮಣ್ಣಿನಲ್ಲಿ ಅಡಗಿದ ಕೋಶಗಳು ಬಿಸಿಲಿಗೆ ಬೀಳುವಂತೆ ಪಾತಿಯನ್ನು ಕೆದಕುವುದು.

ಬೆನ್ನೆಲುಬುಳ್ಳ ನಂಟರಿಗೆ ನಮ್ಮಿಂದ ಆಗುವ ಅನ್ಯಾಯವಂತೂ ದೊಡ್ಡದು. ಸಂತಾನಕಾಲದಲ್ಲಿ ಗಂಡು ಓತಿಕೇತದ ಗಂಟಲು ಕೆಂಪೇರುವುದನ್ನು ಕಂಡು, ಅದು ನೆತ್ತರು ಹೀರುತ್ತದೆಂದು ನಂಬಿ ಹುಡುಗರು ಕಲ್ಲೆಸೆಯುತ್ತಾರೆ. ಪಾಪದ ಪ್ರಾಣಿ ಹೀರುವುದು ಏನನ್ನೂ ಇಲ್ಲ, ಹಿಡಿಯುವುದು ಕೀಟಗಳನ್ನು. ತಂಪನ್ನರಸಿ ಬರುವ ಕೇರೆಹಾವಿಗೆ ವಿಷವಿಲ್ಲ, ಇಲಿಯೇ ಅದರ ಆಹಾರ. ಆದರೂ ಅದು ಬಡಿಗೆಯಿಂದ ತಪ್ಪಿಸಿಕೊಳ್ಳುವುದು ದುರ್ಲಭ. ನೆರಳಿನಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಪಿಕಳಾರ, ಮಡಿವಾಳ ಹಕ್ಕಿಗಳು ದಿನವೂ ಬರುತ್ತವೆ, ಬಂದಾಗ ಹುಳುವನ್ನೂ ಹೆಕ್ಕುತ್ತವೆ. ಪಿಕಳಾರ ನಾಲ್ಕು ಹಣ್ಣನ್ನು ಕುಕ್ಕಿದರೆ ಅದನ್ನು ಅದರ ಕೂಲಿಯೆಂದು ಬಿಡುವುದೇ ನ್ಯಾಯ.

ಆದರೆ ಈ ದಾಕ್ಷಿಣ್ಯಕ್ಕೆ ಅರ್ಹವಲ್ಲದ ಜೀವಿಯೊಂದುಂಟು. 1847ರಲ್ಲಿ ಕಲ್ಕತ್ತೆಗೆ ತಂದುಬಿಟ್ಟ ಆಫ್ರಿಕದ ದೈತ್ಯ ಬಸವನಹುಳು ಅಲ್ಲಿಂದ ದೇಶದ ನಾನಾ ಕಡೆಗೆ ಹಬ್ಬಿ, ಈಗ ನಮ್ಮ ತೋಟಗಳಲ್ಲಿಯೂ ನೆಲೆಯೂರಿದೆ. ಬೇಸಗೆಯುದ್ದಕ್ಕೂ ಚಿಪ್ಪಿನ ಬಾಯಿ ಮುಚ್ಚಿಕೊಂಡು ತರಗೆಲೆ, ಕಲ್ಲುಗಳ ಅಡಿಯಲ್ಲಿ ನಿದ್ರಿಸುವ ಅದು ಮೊದಲ ಮಳೆಗೆ ಎದ್ದು, ಸಸಿಗಳನ್ನು ರಾತ್ರೋರಾತ್ರಿ ಮುಗಿಸುವುದು. ಆದ್ದರಿಂದ ಮಳೆಗೆ ಮುನ್ನವೇ ಅವುಗಳ ಅಡಗುತಾಣಗಳನ್ನು ಶೋಧಿಸಬೇಕು. ಮಳೆ ಬಿದ್ದ ಮೇಲಾದರೆ ಸಂಜೆ ಒದ್ದೆ ಗೋಣಿಯ ಕೆಳಗೆ ಪರಂಗಿಯ ಎಲೆಯನ್ನಿಟ್ಟು, ಬೆಳಗ್ಗೆ ಅಲ್ಲಿ ಕೂಡಿದವುಗಳನ್ನು ಬರಿಗೈಯಿಂದ ಮುಟ್ಟದೆ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಉಪ್ಪನ್ನು ಪಾತಿಗೇ ಎರಚುವವರುಂಟು. ಹಾಗೆ ಮಾಡಿದರೆ ಹುಳುವಿನೊಡನೆ ಮಣ್ಣೂ ಕೆಡುತ್ತದೆ.