ಒಂದರ ಉಚ್ಛಿಷ್ಟ, ಇನ್ನೊಂದರ ಆಹಾರ

ಪ್ರಶ್ನೆ: ಒಂದು ಕಾರ್ಖಾನೆಯ ತ್ಯಾಜ್ಯವನ್ನೇ ನೆಚ್ಚಿ ಮತ್ತೊಂದು ಕಾರ್ಖಾನೆ ನಡೆಯುವ ಊರು ನಿಜವಾಗಿಯೂ ಉಂಟೆ?

ಉತ್ತರ: ಉಂಟು, ಡೆನ್ಮಾರ್ಕ್ ದೇಶದ ಕಡಲತಡಿಯ ಕಲುಂಡ್‌ಬೋರ್ಗ್ ಎಂಬ ಸಣ್ಣ ಪಟ್ಟಣವೇ ಅದು. ಅಂತರ್ಜಲವು ವಿರಳವಾಗಿದ್ದ ಆ ಪ್ರದೇಶದಲ್ಲಿ, 1961ರ ಸುಮಾರಿಗೆ, ತೈಲ ಶುದ್ಧೀಕರಣಾಗಾರಕ್ಕೆ ಟಿಸ್ಸೊ ಸರೋವರದ ನೀರನ್ನು ಕೊಳವೆಯಲ್ಲಿ ತಂದುದೇ ಈ ಸಹಜೀವನಕ್ಕೆ ನಾಂದಿಯಾಯಿತು. ಮುಂದೆ ವಿದ್ಯುತ್ ಸ್ಥಾವರದ ಉಗಿಯು ಔಷಧ ತಯಾರಿಕೆಯ ಕಾರ್ಖಾನೆಗೂ, ಆ ಸ್ಥಾವರದಲ್ಲಿ ಮಿಕ್ಕ ಶಾಖವು ಊರಿನ ಮನೆಗಳಿಗೂ ಹರಿಯಿತು; ಕಲ್ಲಿದ್ದಲಿನ ಹೊಗೆಯಲ್ಲಿ ಅಡಗಿ, ಆಗಸಕ್ಕೇರಿದರೆ ಆಮ್ಲದ ಮಳೆಯಾಗಿ ಸುರಿಯಬಹುದಾಗಿದ್ದ ಗಂಧಕವು, ಸುಣ್ಣದೊಡನೆ ಕೂಡಿ ಜಿಪ್ಸಮ್ ಆಗಿ, ನೆರೆಯ ಕಾರ್ಖಾನೆಯಲ್ಲಿ ಗೋಡೆಯ ಹಲಗೆಯ ರೂಪವನ್ನು ತಳೆಯಿತು; ಔಷಧ ಕಾರ್ಖಾನೆಯ ಕೆಸರು ರೈತರ ಹೊಲಗಳಿಗೆ ಗೊಬ್ಬರವಾಯಿತು.

ನನಗೆ ಅತ್ಯಂತ ಆದರಣೀಯವಾಗಿ ತೋರುವುದೆಂದರೆ, ಇದಾವುದೂ ಪೂರ್ವನಿಯೋಜಿತ ನಕ್ಷೆಯಿಂದ ಹುಟ್ಟಿದುದಲ್ಲ. ಪರಸ್ಪರ ಪರಿಚಿತರಾದ ವ್ಯವಸ್ಥಾಪಕರು, ತಂತಮ್ಮ ಲಾಭವನ್ನೂ ನೋಡಿಕೊಂಡು, ಇಬ್ಬಿಬ್ಬರಾಗಿ ಮಾಡಿಕೊಂಡ ಒಪ್ಪಂದಗಳಿಂದ ದಶಕಗಳಲ್ಲಿ ಬೆಳೆದುದು. ಆದುದರಿಂದಲೇ ಬರಿಯ ಭೂಮಿಯನ್ನು ಹಂಚಿ, ಫಲಕವನ್ನು ನೆಟ್ಟ ಮಾತ್ರಕ್ಕೆ ಇಂಥ ಉದ್ಯಮವನವು ಚಿಗುರದು. ಇಂಥ ಸಹಜೀವನಕ್ಕೆ ಮಿತಿಗಳೂ ಉಂಟು: ಉಗಿಯು ಬಹುದೂರ ಸಾಗಲಾರದು, ದಾರಿಯಲ್ಲೇ ತಣ್ಣಗಾಗುವುದು. ಕೊಡುವ ಕಾರ್ಖಾನೆ ನಿಂತಿತೆಂದರೆ ಕೊಳ್ಳುವ ಕಾರ್ಖಾನೆ ಬೇರೆ ಮೂಲವನ್ನು ಅರಸಬೇಕಾಗುವುದು.