ಪಾತ್ರೆ ತೊಳೆಯುವ ಯಂತ್ರ ಚಾಕುವಿನ ಶತ್ರುವೇ?

ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಹೋದ ನಮ್ಮ ನೆರೆಮನೆಯ ಹುಡುಗಿ ಮೊದಲ ತಿಂಗಳಲ್ಲೇ ಮನೆಗೆ ಫೋನ್ ಮಾಡಿ ಅತ್ತುಬಿಟ್ಟಳು. ಓದಿನ ಕಷ್ಟವಲ್ಲ, ಚಳಿಯೂ ಅಲ್ಲ. ಕಾರಣ ಒಂದು ಚಾಕು! ಊರಿನ ಕಮ್ಮಾರ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ಮಾಡಿಕೊಟ್ಟದ್ದು ಅದು. ಅವಳ ಅಜ್ಜಿ ಮೂವತ್ತು ವರ್ಷ ಬಳಸಿದ್ದರು. ಅಜ್ಜಿ ಈಗಿಲ್ಲ. ಹಾಸ್ಟೆಲಿನ ಗೆಳತಿಯರು ಒಂದು ರಾತ್ರಿ ಎಲ್ಲ ಪಾತ್ರೆಗಳ ಜೊತೆ ಅದನ್ನೂ ಡಿಶ್‌ವಾಷರಿಗೆ ಹಾಕಿದರು. ಬೆಳಿಗ್ಗೆ ತೆಗೆದರೆ ಅಲಗಿನ ತುಂಬ ಕೆಂಪು ತುಕ್ಕು, ಮರದ ಹಿಡಿಯಲ್ಲಿ ಉದ್ದಕ್ಕೂ ಸೀಳು.

“ಅಮ್ಮಾ, ಅದೇ ಮೆಷಿನ್ನಿಗೆ ಹಾಕಿದ ಬೇರೆ ಚಾಕುಗಳಿಗೆ ಏನೂ ಆಗಿಲ್ಲ. ಇದೊಂದಕ್ಕೇ ಯಾಕೆ ಹೀಗಾಯ್ತು?” ಎಂಬುದು ಅವಳ ಪ್ರಶ್ನೆ.

ಒಳ್ಳೆಯ ಪ್ರಶ್ನೆ. ಡಿಶ್‌ವಾಷರ್ ಈಗ ನಮ್ಮ ಊರುಗಳ ಮನೆಗಳಿಗೂ ಬಂದಿದೆ. ಓದಲು ಹೊರದೇಶಕ್ಕೆ ಹೋಗುವ ಮಕ್ಕಳಿಗಂತೂ ಅದು ಮೊದಲ ದಿನದಿಂದಲೇ ಎದುರಾಗುತ್ತದೆ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪಿಂಗಾಣಿಗಾಗಿ ಹುಟ್ಟಿದ ಯಂತ್ರ

ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫೀನ್ ಕಾಕ್ರೇನ್ ಎಂಬ ಮಹಿಳೆ 1886ರಲ್ಲಿ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಮನೆಯ ಬೆಲೆಬಾಳುವ ಪಿಂಗಾಣಿ ತಟ್ಟೆಗಳು ಕೆಲಸದವರ ಕೈಯಲ್ಲಿ ಚಕ್ಕೆ ಏಳುತ್ತಿದ್ದುದೇ ಈ ಸಾಹಸಕ್ಕೆ ಕಾರಣ. 1893ರ ಷಿಕಾಗೋ ವಿಶ್ವ ಪ್ರದರ್ಶನದಲ್ಲಿ ಅವರ ಯಂತ್ರ ಜನರ ಗಮನ ಸೆಳೆಯಿತು. ಅಂದರೆ ಈ ಯಂತ್ರ ಹುಟ್ಟಿದ್ದು ತಟ್ಟೆಗಳ ರಕ್ಷಣೆಗೆ, ಚಾಕುಗಳಿಗಾಗಿ ಅಲ್ಲ.

ಉಜ್ಜುವ ಕೈ ಇಲ್ಲದಿರುವುದರಿಂದ ಯಂತ್ರ ಎರಡು ಅಸ್ತ್ರಗಳನ್ನು ನಂಬಿದೆ. ಒಂದು, ರಭಸದಿಂದ ಚಿಮ್ಮುವ ಬಿಸಿನೀರು. ಇನ್ನೊಂದು, ಕೈಯಲ್ಲಿ ತೊಳೆಯುವ ಸೋಪಿಗಿಂತ ಎಷ್ಟೋ ಪಾಲು ಹೆಚ್ಚು ಕ್ಷಾರೀಯವಾದ ಪುಡಿ ಅಥವಾ ಮಾತ್ರೆ. ಗಾಜು, ಪಿಂಗಾಣಿ ಇದನ್ನು ತಡೆದುಕೊಳ್ಳುತ್ತವೆ. ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುತ್ತದೆ. ಚಾಕುವಿನ ಗತಿ ಅದು ಯಾವ ಉಕ್ಕಿನದು ಎಂಬುದರ ಮೇಲಿದೆ.

ಎಲ್ಲ ಸ್ಟೀಲೂ ಒಂದೇ ಅಲ್ಲ

ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಹದವಾಗಿ ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಗಟ್ಟಿಯಾಗಿ ಒಳ್ಳೆಯ ಹರಿತ ಪಡೆಯುತ್ತದೆ. ಆದರೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ನಮ್ಮ ಈಳಿಗೆಮಣೆ, ಮೆಟ್ಟುಕತ್ತಿಗಳೆಲ್ಲ ಈ ಜಾತಿಯವು. ಅಜ್ಜಿಯ ಚಾಕುವೂ ಅದೇ.

1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕಿನ ನಳಿಗೆ ಸವೆಯದಂತೆ ಮಾಡಲು ಹೊರಟು, ಶೇ. 12.8ರಷ್ಟು ಕ್ರೋಮಿಯಂ ಬೆರೆಸಿದ ಉಕ್ಕನ್ನು ತಯಾರಿಸಿದ. ಅದಕ್ಕೆ ಸುಲಭವಾಗಿ ತುಕ್ಕು ಹಿಡಿಯಲಿಲ್ಲ. ಈ ಉಕ್ಕಿನ ಮೇಲ್ಮೈಯಲ್ಲಿ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಕಟ್ಟುತ್ತದೆ. ಪೊರೆ ಗೀರಿಹೋದರೂ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಗುಟ್ಟು ಇಷ್ಟೇ.

ಆದರೆ ಊಟದ ತಟ್ಟೆಯ ಸ್ಟೀಲು ಬೇರೆ, ಚಾಕುವಿನ ಸ್ಟೀಲು ಬೇರೆ. ಒಳ್ಳೆಯ ದರ್ಜೆಯ ತಟ್ಟೆ ಲೋಟಗಳಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅದಕ್ಕೆ ತುಕ್ಕಿನ ಭಯ ಕಡಿಮೆ, ಆದರೆ ಕಾಯಿಸಿ ತಣಿಸಿದರೆ ಅದು ಗಟ್ಟಿಯಾಗುವುದಿಲ್ಲ. ಚಾಕು ಗಟ್ಟಿಯಾಗಲೇಬೇಕು. ಆದ್ದರಿಂದ ಅದಕ್ಕೆ ಇಂಗಾಲ ಹೆಚ್ಚು. ಕ್ರೋಮಿಯಂ ಸಾಮಾನ್ಯವಾಗಿ ಶೇ. 13ರ ಆಸುಪಾಸು. ಹರಿತಕ್ಕಾಗಿ ತುಕ್ಕುನಿರೋಧವನ್ನು ಒಂದಿಷ್ಟು ಬಿಟ್ಟುಕೊಟ್ಟ ಹಾಗೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅಯಸ್ಕಾಂತ ಚಾಕುವಿಗೆ ಗಟ್ಟಿಯಾಗಿ ಅಂಟುತ್ತದೆ; ನಿಕ್ಕಲ್ ಬೆರೆತ ತಟ್ಟೆಗೆ ಅಂಟುವುದಿಲ್ಲ, ಅಥವಾ ತೀರ ಮೆಲ್ಲಗೆ ಎಳೆಯುತ್ತದೆ.

ಯಂತ್ರದೊಳಗೆ ಆಗುವುದೇನು?

ಹಾನಿ ನಾಲ್ಕು ದಾರಿಯಿಂದ ಬರುತ್ತದೆ.

ಮೊದಲನೆಯದು ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ಕ್ರೋಮಿಯಂ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಸ್ಟೇನ್‌ಲೆಸ್ ಚಾಕುವಿನ ಮೇಲೂ ಕಾಣುವ ಸೂಜಿಮೊನೆಯಂಥ ಕಲೆಗಳು ಇವೇ. ಎಂಜಲಿನ ಉಪ್ಪಿನ ಜೊತೆಗೆ, ಗಡಸು ನೀರನ್ನು ಮೆದುವಾಗಿಸಲು ಯಂತ್ರಕ್ಕೆ ತುಂಬುವ ಉಪ್ಪು ಚೆಲ್ಲಿದರೆ, ಇಲ್ಲವೆ ಅದರ ಮುಚ್ಚಳ ಸಡಿಲವಾಗಿದ್ದರೆ ಅಪಾಯ ಹೆಚ್ಚು.

ಎರಡನೆಯದು ತೇವ. ತೊಳೆದು ಮುಗಿದ ಮೇಲೂ ಬಾಗಿಲು ಮುಚ್ಚಿದ್ದರೆ ಚಾಕು ಗಂಟೆಗಟ್ಟಲೆ ಬಿಸಿ ಹಬೆಯಲ್ಲೇ ಇರುತ್ತದೆ. ಪಕ್ಕದಲ್ಲಿ ತುಕ್ಕು ಹಿಡಿದ ಜರಡಿಯೋ ತುರಿಮಣೆಯೋ ಇದ್ದರೆ ಅದರ ತುಕ್ಕಿನ ಕಣಗಳು ಚಾಕುವಿಗೂ ಬಂದು ಕೂರುತ್ತವೆ.

ಮೂರನೆಯದು ಡಿಕ್ಕಿ. ಹರಿತವಾದ ಅಂಚು ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ನೀರಿನ ರಭಸಕ್ಕೆ ಅದು ತಟ್ಟೆ ಚಮಚಗಳಿಗೆ ಬಡಿದರೆ ಮಡಿಯುತ್ತದೆ, ಇಲ್ಲವೆ ಮುಕ್ಕಾಗುತ್ತದೆ.

ನಾಲ್ಕನೆಯದು ಹಿಡಿಯ ಪಾಡು. ಮರ ಬಿಸಿನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಕೊನೆಗೆ ಸೀಳುತ್ತದೆ.

ಬಿಸಿನೀರಿನಿಂದ ಚಾಕುವಿನ ಹದವೇ ಕೆಡುತ್ತದೆ ಎಂಬ ಮಾತೂ ಪ್ರಚಾರದಲ್ಲಿದೆ. ಅದು ನಿಜವಲ್ಲ. ಯಂತ್ರದ ನೀರು ಸಾಮಾನ್ಯವಾಗಿ 50ರಿಂದ 70 ಡಿಗ್ರಿ ಸೆಲ್ಸಿಯಸ್. ಚಾಕುವಿಗೆ ಹದ ಕೊಡುವಾಗಲೇ ಅದನ್ನು 150 ಡಿಗ್ರಿಗೂ ಮೇಲೆ ಕಾಯಿಸಿರುತ್ತಾರೆ. ನಿಜವಾಗಿ ಹದ ಕೆಡಿಸುವುದು ಒಣ ಸಾಣೆಚಕ್ರದ ಮೇಲೆ ಒತ್ತಿ ಹಿಡಿಯುವುದು. ಅಂಚು ನೀಲಿಗೆ ತಿರುಗಿದರೆ ಹದ ಹೋಯಿತೆಂದೇ ಅರ್ಥ. ಸಾಣೆ ಹಿಡಿಯುವವರು ಬಂದಾಗ, ಆಗಾಗ ನೀರಿನಲ್ಲಿ ಅದ್ದಿ ಹಿಡಿಯಲು ಹೇಳಿ.

ಆರೈಕೆ ಹೀಗಿರಲಿ

ಕೆಲಸ ಮುಗಿದ ಕೂಡಲೇ ಚಾಕುವನ್ನು ಕೈಯಲ್ಲಿ ತೊಳೆದು, ಒಣ ಬಟ್ಟೆಯಿಂದ ಒರೆಸಿಡಿ. ಇದಕ್ಕೆ ಅರ್ಧ ನಿಮಿಷ ಸಾಕು. ನಿಂಬೆ, ಹುಣಿಸೆ, ಮಾವು ಕೊಯ್ದ ಮೇಲಂತೂ ತಡಮಾಡಬೇಡಿ. ಸಿಂಕಿನ ನೊರೆನೀರಿನಲ್ಲಿ ಚಾಕು ಬಿಟ್ಟು ಹೋಗಬೇಡಿ. ಕಾಣದೆ ಕೈಯಿಟ್ಟವರ ಬೆರಳು ಕೊಯ್ದುಹೋದೀತು.

ಕಮ್ಮಾರ ಮಾಡಿದ ಚಾಕು, ಈಳಿಗೆಗಳಿಗೆ ಒರೆಸಿದ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಮರದ ಹಿಡಿಯ, ದುಬಾರಿ ಬೆಲೆಯ ಚಾಕುಗಳನ್ನೂ ಯಂತ್ರಕ್ಕೆ ಹಾಕಲೇಬೇಡಿ.

ಪ್ಲಾಸ್ಟಿಕ್ ಹಿಡಿಯ ಸಾಮಾನ್ಯ ಸ್ಟೇನ್‌ಲೆಸ್ ಚಾಕುವನ್ನು ಹಾಕಲೇಬೇಕಾಗಿ ಬಂದರೆ, ಬೇರೆ ಪಾತ್ರೆಗೆ ತಾಗದಂತೆ, ಮೊನೆ ಮೇಲೆ ಬಾರದಂತೆ ಇಡಿ. ಯಂತ್ರ ನಿಂತ ಕೂಡಲೇ ತೆಗೆದು ಒರೆಸಿ.

ಹೆಚ್ಚುವಾಗ ಕೆಳಗೆ ಮರದ ಅಥವಾ ಪ್ಲಾಸ್ಟಿಕ್ ಹಲಗೆ ಇರಲಿ. ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆಗಳ ಮೇಲೆ ಹೆಚ್ಚಿದರೆ ಯಾವ ಚಾಕುವೂ ಬೇಗ ಮೊಂಡಾಗುತ್ತದೆ. ಮೊಂಡು ಚಾಕು ಸುರಕ್ಷಿತ ಎಂದು ಭಾವಿಸಿ ಮಕ್ಕಳ ಕೈಗೆ ಅದನ್ನೇ ಕೊಡುವ ತಾಯಂದಿರಿದ್ದಾರೆ. ವಾಸ್ತವವಾಗಿ ಮೊಂಡು ಚಾಕುವಿಗೆ ಹೆಚ್ಚು ಬಲ ಬೇಕು. ಬಲ ಹಾಕಿದಾಗ ಟೊಮ್ಯಾಟೊ ಮೇಲಿನಿಂದ ಜಾರಿ ಬೆರಳಿಗೆ ಬೀಳುವುದೂ ಅದೇ ಚಾಕು.

ಇನ್ನು ಅಜ್ಜಿಯ ಚಾಕುವಿನ ವಿಷಯ. ತುಕ್ಕು ಮೇಲ್ಪದರದಲ್ಲಷ್ಟೇ ಇತ್ತು. ಅಮ್ಮ ಫೋನಿನಲ್ಲಿ ಹೇಳಿದಂತೆ ಹುಡುಗಿ ನಯವಾದ ಉಪ್ಪುಕಾಗದದಿಂದ ಉಜ್ಜಿ, ಸಾಣೆಕಲ್ಲಿನ ಮೇಲೆ ಮಸೆದು, ಎಣ್ಣೆ ಹಚ್ಚಿದಳು. ಸೀಳಿದ ಹಿಡಿಗೆ ಸದ್ಯಕ್ಕೆ ದಾರ ಸುತ್ತಿದ್ದಾಳೆ. ರಜೆಗೆ ಬಂದಾಗ ಊರಿನಲ್ಲಿ ಹೊಸ ಹಿಡಿ ಹಾಕಿಸುವುದೆಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ಅದನ್ನು ತೊಳೆಯುವ ಕೆಲಸ ಅವಳದೇ, ಗೆಳತಿಯರು ಮುಟ್ಟುವಂತಿಲ್ಲ!

ಪರದೇಶಕ್ಕೆ ಹೊರಟ ಮಕ್ಕಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿಗಳ ಜೊತೆ ಮನೆಯ ಚಾಕುವನ್ನೂ ಇಡುವ ತಾಯಿ ತಂದೆಯರೇ, ಅದನ್ನು ತೊಳೆದು ಒರೆಸಿಡುವ ಬಗೆಯನ್ನೂ ಒಮ್ಮೆ ಕಲಿಸಿ ಕಳುಹಿಸಿ.